ನಿಂತ ಕಾರಿನ ಬ್ಯಾಟರಿ ಬರಿದಾಗುವುದೇಕೆ?

ರಾತ್ರಿ ಕಂಠದವರೆಗೆ ತುಂಬಿಸಿಟ್ಟ ಕೊಡದಲ್ಲಿ ಬೆಳಿಗ್ಗೆ ಅರ್ಧದಷ್ಟು ನೀರು ಮಾತ್ರ ಉಳಿದಿದ್ದರೆ ಮನೆಯವರು ಏನನ್ನು ವಿಚಾರಿಸುತ್ತಾರೆ? ಕೊಡವು ನಿಜವಾಗಿಯೂ ತುಂಬಿತ್ತೇ ಎಂಬುದು ಮೊದಲನೆಯ ಪ್ರಶ್ನೆ. ಕೊಡವೇ ಒಡಕಾಗಿದೆಯೇ ಎಂಬುದು ಎರಡನೆಯದು. ಈ ಎರಡೂ ಅಲ್ಲವಾದರೆ ರಾತ್ರಿಯಲ್ಲಿ ಯಾರೋ ನೀರನ್ನು ಮೊಗೆದಿರಬೇಕು. ಅಂಗಳದಲ್ಲಿ ನಾಲ್ಕು ದಿನ ನಿಂತ ಕಾರು ಐದನೆಯ ದಿನ ಸೆಲ್ಫ್ ಹೊಡೆದಾಗ ಟಕ್ ಟಕ್ ಎಂದು ಸದ್ದುಮಾಡಿ ಸುಮ್ಮನಾದರೆ ವಿಚಾರಿಸತಕ್ಕ ಪ್ರಶ್ನೆಗಳೂ ಇವೇ ಮೂರು. ಆದರೆ ಕೊಡದ ವಿಷಯದಲ್ಲಿ ಇಷ್ಟು ವಿವೇಕದಿಂದ ನಡೆದುಕೊಳ್ಳುವ ಜನರೇ ಕಾರಿನ ವಿಷಯ ಬಂದೊಡನೆ ವಿಚಾರಣೆಯನ್ನು ಕೈಬಿಟ್ಟು ಹೊಸ ಕೊಡವನ್ನು ಕೊಂಡುತರುತ್ತಾರೆ. ಯಾರೋ ಮೊಗೆಯುತ್ತಿದ್ದುದೇ ನಿಜವಾದರೆ ಹೊಸ ಕೊಡದ ಗತಿಯೂ ಅದೇ ಆಗುವುದು.

ಈ ದುಂದು ಸಣ್ಣದಲ್ಲ. ಸಣ್ಣ ಕಾರಿನ ಬ್ಯಾಟರಿಗೂ ಕೆಲವು ಸಾವಿರ ರೂಪಾಯಿಗಳನ್ನು ತೆರಬೇಕು. ಹಣಕ್ಕಿಂತ ಮುಖ್ಯವಾದ ಮಾತೊಂದುಂಟು. ನಮ್ಮ ಕಡೆಯ ಅನೇಕ ಮನೆಗಳಲ್ಲಿ ಮಕ್ಕಳು ದೂರದ ಊರುಗಳಲ್ಲಿ ಉದ್ಯೋಗದಲ್ಲಿದ್ದು, ವೃದ್ಧರಾದ ತಂದೆತಾಯಿಗಳ ಅಂಗಳದಲ್ಲಿ ಕಾರು ವಾರಗಟ್ಟಲೆ ನಿಂತಿರುತ್ತದೆ. ಅದು ಬೇಕಾಗುವುದು ಅಪರೂಪಕ್ಕೆ. ಬೇಕಾದಾಗ ಅನೇಕ ವೇಳೆ ಅಪರಾತ್ರಿಯಲ್ಲಿ, ಆಸ್ಪತ್ರೆಯ ದಾರಿಗೆ. ಆಗ ಅದು ಹೊರಡದಿದ್ದರೆ ಇಟ್ಟುಕೊಂಡು ಫಲವೇನು? ಇದನ್ನು ಶಾಲೆಯ ಸಂಚಿಕೆಯಲ್ಲಿ ಬರೆಯುವುದಕ್ಕೆ ಇನ್ನೊಂದು ಕಾರಣವೂ ಇದೆ. ಈ ತನಿಖೆಗೆ ಬೇಕಾದ ವಿಜ್ಞಾನವೆಲ್ಲವೂ ಹತ್ತನೆಯ ತರಗತಿಯ ವಿದ್ಯುತ್ ಪಾಠದಲ್ಲಿಯೇ ಅಡಗಿದೆ.

ಮೊದಲು ಕೊಡದ ಪರಿಚಯ. ಕಾರಿನಲ್ಲಿರುವ ಸೀಸದ ಬ್ಯಾಟರಿಯ ಮೂಲರೂಪವನ್ನು 1859ರಲ್ಲಿ ಫ್ರಾನ್ಸ್ ದೇಶದ ಗಾಸ್ತೋನ್ ಪ್ಲಾಂಟೆ ಎಂಬ ವಿಜ್ಞಾನಿ ನಿರ್ಮಿಸಿದನು. ದುರ್ಬಲ ಗಂಧಕಾಮ್ಲದಲ್ಲಿ ಒಂದು ಕಡೆ ಸೀಸದ ಫಲಕ, ಇನ್ನೊಂದು ಕಡೆ ಸೀಸದ ಡೈಆಕ್ಸೈಡಿನ ಫಲಕ. ಇದು ಒಂದು ಕೋಶ. ಒಂದು ಕೋಶದ ವಿಭವ ಸುಮಾರು 2.1 ವೋಲ್ಟ್. ಇಂತಹ ಆರು ಕೋಶಗಳನ್ನು ಸರಣಿಯಲ್ಲಿ ಜೋಡಿಸಿದರೆ 12.6 ವೋಲ್ಟ್ ಆಗುವುದು. ‘12 ವೋಲ್ಟಿನ ಬ್ಯಾಟರಿ’ ಎಂದು ಕರೆಯುವುದು ರೂಢಿಯ ಮಾತಷ್ಟೆ. ಕೆಲವು ಗಂಟೆ ವಿಶ್ರಾಂತಿಯಲ್ಲಿದ್ದ ಬ್ಯಾಟರಿ 12.6 ವೋಲ್ಟ್ ತೋರಿಸಿದರೆ ಅದು ತುಂಬಿದೆ, 12.2 ತೋರಿಸಿದರೆ ಹೆಚ್ಚುಕಡಿಮೆ ಅರ್ಧ. 12ಕ್ಕಿಂತ ಕೆಳಗಿಳಿದರೆ ತಳ ಕಾಣತೊಡಗಿದೆ ಎಂದು ತಿಳಿಯಬೇಕು. ಅರ್ಧ ವೋಲ್ಟಿನ ಅಂತರದಲ್ಲಿ ಕೊಡದ ಬಹುಭಾಗ ಅಡಗಿರುವುದು ವಿಚಿತ್ರವೆನಿಸಿದರೂ ನಿಜ. ಆದುದರಿಂದ ‘ಹನ್ನೆರಡು ಇದೆಯಲ್ಲ’ ಎಂದು ಸಮಾಧಾನಪಟ್ಟುಕೊಳ್ಳುವಂತಿಲ್ಲ.

ಮೊದಲೆರಡು ಪ್ರಶ್ನೆಗಳಿಗೆ ಉತ್ತರ ಸುಲಭ. ಎಂಜಿನ್ ಓಡುತ್ತಿರುವಾಗ ಬ್ಯಾಟರಿಯ ಎರಡು ಟರ್ಮಿನಲ್‌ಗಳ ನಡುವೆ ಸುಮಾರು 14 ವೋಲ್ಟ್ ಇರಬೇಕು. ಇದ್ದರೆ ಡೈನಮೋ ತನ್ನ ಕೆಲಸವನ್ನು ಮಾಡುತ್ತಿದೆ. ಬ್ಯಾಟರಿಯನ್ನು ಚಾರ್ಜರಿನಿಂದ ಪೂರ್ತಿಯಾಗಿ ತುಂಬಿಸಿ, ಋಣ ಟರ್ಮಿನಲ್ಲಿನ ತಂತಿಯನ್ನು ಬಿಚ್ಚಿ, ಎರಡು ದಿನ ಹಾಗೆಯೇ ಬಿಡಬೇಕು. ಯಾರೂ ಮೊಗೆಯದಿದ್ದರೂ ವೋಲ್ಟು ಇಳಿದು ಹೋಗಿದ್ದರೆ ಕೊಡವೇ ಒಡಕು. ಹೊಸದನ್ನು ತರುವುದು ನ್ಯಾಯ. ಬ್ಯಾಟರಿಯ ನೆತ್ತಿಯ ಮೇಲೆ ಆಮ್ಲದ ಪಸೆ, ಧೂಳು, ಮಳೆಗಾಲದ ತೇವ ಇವೆಲ್ಲ ಸೇರಿ ಕಟ್ಟಿಕೊಳ್ಳುವ ಕೊಳೆಯ ಮೂಲಕವೂ ಸ್ವಲ್ಪ ವಿದ್ಯುತ್ತು ಸೋರುವುದುಂಟು. ಅಡುಗೆ ಸೋಡಾ ಕದಡಿದ ನೀರಿನಲ್ಲಿ ಅದ್ದಿ ಹಿಂಡಿದ ಬಟ್ಟೆಯಿಂದ ಒರೆಸಿ, ಒಣಗಿಸಿದರೆ ಆ ಸಂಶಯವೂ ತೀರುವುದು.

ಇನ್ನು ಮೂರನೆಯ ಪ್ರಶ್ನೆ. ಬೀಗ ಹಾಕಿ ನಿಲ್ಲಿಸಿದ ಕಾರಿನಲ್ಲಿ ವಿದ್ಯುತ್ತನ್ನು ಮೊಗೆಯುವವರು ಯಾರು? ನ್ಯಾಯವಾಗಿ ಮೊಗೆಯುವವರು ಕೆಲವರಿದ್ದಾರೆ: ಗಡಿಯಾರ, ರೇಡಿಯೋವಿನ ನೆನಪು, ಕಳ್ಳರನ್ನು ಎಚ್ಚರಿಸುವ ಅಲಾರಂ, ದೂರದಿಂದ ಕೀಲಿಯ ಸಂಕೇತಕ್ಕಾಗಿ ಕಾದಿರುವ ಯಂತ್ರ. ಇವೆಲ್ಲ ಸೇರಿ ಸಾಮಾನ್ಯವಾಗಿ 50 ಮಿಲಿ ಆಂಪಿಯರನ್ನು ಮೀರಬಾರದು. ಲೆಕ್ಕ ಹಾಕಿ ನೋಡೋಣ. ಸಣ್ಣ ಕಾರುಗಳಲ್ಲಿ 35 ಆಂಪಿಯರ್-ಗಂಟೆಯ ಬ್ಯಾಟರಿ ಸಾಮಾನ್ಯ. 35ನ್ನು 0.05ರಿಂದ ಭಾಗಿಸಿದರೆ 700 ಗಂಟೆ, ಎಂದರೆ 29 ದಿನ. ಆದರೆ ಪೂರ್ತಿ ಬರಿದಾಗುವವರೆಗೆ ಕಾಯಬೇಕಾಗಿಲ್ಲ; ಅರ್ಧ ಖಾಲಿಯಾದ ಹಳೆಯ ಬ್ಯಾಟರಿಗೆ ಎಂಜಿನ್ನನ್ನು ಎಬ್ಬಿಸುವುದೇ ಕಷ್ಟ. ಆದುದರಿಂದ ಯಾವ ದೋಷವೂ ಇಲ್ಲದ ಕಾರು ಕೂಡ ಎರಡು ಮೂರು ವಾರ ನಿಂತರೆ ಮುನಿಸಿಕೊಳ್ಳಬಹುದು, ಅದನ್ನು ರೋಗವೆನ್ನಲಾಗದು. ಈಗ 5 ವಾಟಿನ ಒಂದು ಪುಟ್ಟ ಬಲ್ಬು ಉರಿಯುತ್ತಲೇ ಉಳಿಯಿತೆಂದು ಭಾವಿಸಿರಿ. 5ನ್ನು 12ರಿಂದ ಭಾಗಿಸಿದರೆ 0.42 ಆಂಪಿಯರ್. ತುಂಬಿದ ಬ್ಯಾಟರಿ 84 ಗಂಟೆಗಳಲ್ಲಿ ಬರಿದು. ಎರಡು ದಿನ ಕಳೆಯುವುದರೊಳಗೆ ಅರ್ಧಕ್ಕಿಂತ ಕೆಳಗೆ. ದೇವರ ಮುಂದಿನ ದೀಪದಷ್ಟು ಬೆಳಕು ಕೊಡುವ ಬಲ್ಬು ಒಂದು ಟನ್ ತೂಕದ ವಾಹನವನ್ನು ನಿಲ್ಲಿಸಿಬಿಡುವ ಬಗೆ ಇದು.

ಮೊಗೆಯುವವನನ್ನು ಹಿಡಿಯಲು ಬೇಕಾದ ಉಪಕರಣ ಮಲ್ಟಿಮೀಟರ್. ಅಳೆಯುವ ಕ್ರಮವನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು, ಏಕೆಂದರೆ ಅವಘಡವಾಗುವುದು ಇಲ್ಲಿಯೇ. ವಿದ್ಯಾರ್ಥಿಗಳು ಇದನ್ನು ಹಿರಿಯರ ಎದುರಿನಲ್ಲಿಯೇ ಮಾಡತಕ್ಕದ್ದು. ಬ್ಯಾಟರಿಯ 12 ವೋಲ್ಟ್ ಮೈಗೆ ಹೊಡೆತ ಕೊಡುವಷ್ಟು ದೊಡ್ಡದಲ್ಲ. ಆದರೆ ಎರಡು ಟರ್ಮಿನಲ್‌ಗಳನ್ನು ಲೋಹವೊಂದು ನೇರವಾಗಿ ಕೂಡಿಸಿದರೆ ನೂರಾರು ಆಂಪಿಯರ್ ಹರಿದು ಆ ಲೋಹ ಕಾದು ಕೆಂಪಾಗುವುದು. ಆದುದರಿಂದ ಉಂಗುರ, ಬಳೆ, ಕೈಗಡಿಯಾರಗಳನ್ನು ಮೊದಲು ತೆಗೆದಿಡಬೇಕು. ಚಾರ್ಜ್ ಆಗುವಾಗ ಬ್ಯಾಟರಿಯಿಂದ ಜಲಜನಕ ಹೊರಡುತ್ತದೆ. ಹತ್ತಿರ ಬೀಡಿ, ಬೆಂಕಿಕಡ್ಡಿ ಕೂಡದು. ಬಿಚ್ಚುವಾಗ ಋಣ ತಂತಿಯನ್ನೇ ಮೊದಲು ಬಿಚ್ಚಬೇಕು. ಕಾರಿನ ಲೋಹದ ಮೈಯೆಲ್ಲವೂ ಋಣ ತುದಿಗೆ ಜೋಡಿಸಲ್ಪಟ್ಟಿರುವುದರಿಂದ, ಧನ ತುದಿಯನ್ನು ಮೊದಲು ಬಿಚ್ಚಲು ಹೊರಟವನ ಸ್ಪ್ಯಾನರು ಅಕಸ್ಮಾತ್ತಾಗಿ ಮೈಗೆ ತಗಲಿದರೆ ಕಿಡಿ ಹಾರುವುದು ಖಂಡಿತ. ಪೂರ್ತಿ ವಿದ್ಯುತ್ತಿನಿಂದಲೇ ಓಡುವ ಹೊಸ ಬಗೆಯ ಕಾರುಗಳ ಕಿತ್ತಳೆ ಬಣ್ಣದ ತಂತಿಗಳ ಸುದ್ದಿಗಂತೂ ಹೋಗಲೇಬಾರದು. ಅಲ್ಲಿರುವುದು ಪ್ರಾಣಾಪಾಯದ ವಿಭವ.

ವಿದ್ಯುತ್ಪ್ರವಾಹವನ್ನು ಅಳೆಯುವ ಮೀಟರು ಸರಣಿಯಲ್ಲಿಯೇ ಇರಬೇಕೆಂದು ಪಾಠದಲ್ಲಿ ಓದಿದ್ದೀರಷ್ಟೆ. ಮೀಟರಿನ ಕೆಂಪು ತಂತಿಯನ್ನು 10 ಆಂಪಿಯರ್ ಎಂದು ಬರೆದ ತೂತಿಗೆ ಸಿಕ್ಕಿಸಿ, ಬಿಚ್ಚಿದ ಋಣ ತಂತಿಗೂ ಬ್ಯಾಟರಿಯ ಋಣ ತುದಿಗೂ ನಡುವೆ ಮೀಟರನ್ನು ಸೇರಿಸಬೇಕು. ಈ ಸ್ಥಿತಿಯಲ್ಲಿ ಮೀಟರಿನ ಕಡ್ಡಿಗಳನ್ನು ಬ್ಯಾಟರಿಯ ಎರಡು ತುದಿಗಳಿಗೆ ಅಡ್ಡಲಾಗಿ ಎಂದಿಗೂ ಮುಟ್ಟಿಸಬಾರದು, ಸೆಲ್ಫನ್ನೂ ಹೊಡೆಯಬಾರದು. ಸೆಲ್ಫಿನ ಮೋಟಾರು ನೂರು ಆಂಪಿಯರಿಗೂ ಹೆಚ್ಚು ಎಳೆಯುವುದರಿಂದ ಮೀಟರಿನೊಳಗಿನ ಫ್ಯೂಸು ಕಣ್ಣುಮುಚ್ಚುವುದರೊಳಗೆ ಸುಟ್ಟುಹೋಗುವುದು. ಕವಲು ಕವಲಾಗಿ ಹರಿದ ಪ್ರವಾಹಗಳೆಲ್ಲ ಕೂಡಿದ ಮೊತ್ತವೇ ಮೂಲದ ಪ್ರವಾಹವೆಂದು 1845ರಲ್ಲಿ ಜರ್ಮನಿಯ ಕಿರ್ಖಾಫ್ ನಿರೂಪಿಸಿದನು. ಆತನ ನಿಯಮದಂತೆ, ಕಾರಿನ ಯಾವ ಮೂಲೆಯಲ್ಲಿ ಯಾರು ಮೊಗೆದರೂ ಅದರ ಲೆಕ್ಕ ಈ ಒಂದು ಮೀಟರಿಗೆ ಬಂದೇ ಬರಬೇಕು.

ಮೀಟರು ಸೇರಿಸಿದೊಡನೆ ಕಾಣುವ ಅಂಕಿಯನ್ನು ನಂಬಬಾರದು. ಈಗಿನ ಕಾರುಗಳಲ್ಲಿ ಅನೇಕ ಪುಟ್ಟ ಗಣಕಯಂತ್ರಗಳಿವೆ. ಬಾಗಿಲು ಮುಚ್ಚಿದ ಮೇಲೂ ಅವು ಕೆಲ ಹೊತ್ತು ಎಚ್ಚರವಾಗಿದ್ದು ಆಮೇಲೆ ಒಂದೊಂದಾಗಿ ನಿದ್ರೆಹೋಗುತ್ತವೆ. ಮೊದಲು ಮೂರು ನಾಲ್ಕು ಆಂಪಿಯರ್ ಇದ್ದದ್ದು ಅರ್ಧ ಗಂಟೆಯಲ್ಲಿ, ಕೆಲವು ಕಾರುಗಳಲ್ಲಿ ಒಂದು ಗಂಟೆಯಲ್ಲಿ, ಇಳಿದು ನಿಲ್ಲುವುದು. ನಡುವೆ ಯಾರಾದರೂ ಬಾಗಿಲು ತೆರೆದರೆ ಎಲ್ಲವೂ ಮರಳಿ ಎಚ್ಚರ! ಆದುದರಿಂದ ಫ್ಯೂಸಿನ ಪೆಟ್ಟಿಗೆಯ ಪಕ್ಕದ ಬಾಗಿಲನ್ನು ತೆರೆದೇ ಇಟ್ಟು, ಅದರ ಚಿಲಕದ ಕೊಂಡಿಯನ್ನು ಸ್ಕ್ರೂಡ್ರೈವರಿನಿಂದ ಒತ್ತಿ ಮುಚ್ಚಿದಂತೆ ಮಾಡಬೇಕು. ಕಾರಿಗೆ ‘ಬಾಗಿಲು ಹಾಕಿದೆ’ ಎಂಬ ಭ್ರಮೆ ಹುಟ್ಟುವುದು. (ಪರೀಕ್ಷೆ ಮುಗಿದ ಮೇಲೆ ಹಿಡಿಕೆಯನ್ನೆಳೆದು ಆ ಕೊಂಡಿಯನ್ನು ಬಿಡಿಸಿದ ನಂತರವೇ ಬಾಗಿಲನ್ನು ಮುಚ್ಚಬೇಕು.) ಜೇಬಿನಲ್ಲಿದ್ದರೂ ಕೆಲಸ ಮಾಡುವ ಕೀಲಿಯಾದರೆ ಅದನ್ನು ದೂರ, ಮನೆಯೊಳಗೆ ಇಡಬೇಕು.

ಅರ್ಧ ಗಂಟೆಯಾದರೂ ಮೀಟರು 50 ಮಿಲಿ ಆಂಪಿಯರಿಗಿಂತ ಬಹಳ ಹೆಚ್ಚನ್ನು ತೋರಿಸುತ್ತಿದ್ದರೆ ಫ್ಯೂಸುಗಳನ್ನು ಒಂದೊಂದಾಗಿ ಕಿತ್ತು ನೋಡಬೇಕು. ಯಾವುದನ್ನು ಕಿತ್ತಾಗ ಅಂಕಿ ಥಟ್ಟನೆ ಕುಸಿಯುವುದೋ ಆ ಕವಲಿನಲ್ಲಿ ಕಳ್ಳನಿದ್ದಾನೆ. ಫ್ಯೂಸನ್ನು ಕೀಳದೆಯೇ ಪರೀಕ್ಷಿಸುವ ಇನ್ನೊಂದು ಸೊಗಸಾದ ಉಪಾಯವುಂಟು. ಫ್ಯೂಸಿನ ಬೆನ್ನಿನ ಮೇಲೆ ಕಾಣುವ ಎರಡು ಲೋಹದ ಚುಕ್ಕೆಗಳ ನಡುವಿನ ಮಿಲಿ ವೋಲ್ಟನ್ನು ಅಳೆಯುವುದು. ಫ್ಯೂಸಿನ ತಂತಿಗೂ ಅತ್ಯಲ್ಪ ರೋಧವಿರುವುದರಿಂದ, ಓಮನ ನಿಯಮದ ಪ್ರಕಾರ, ಪ್ರವಾಹ ಹರಿಯುತ್ತಿದ್ದರೆ ಅಲ್ಲಿ ಸ್ವಲ್ಪವಾದರೂ ವಿಭವಾಂತರ ತೋರಲೇಬೇಕು. ಸೊನ್ನೆಯಾದರೆ ಆ ಕವಲು ನಿರ್ದೋಷಿ. ಮಲಗಿದ ಗಣಕಯಂತ್ರಗಳನ್ನು ಎಬ್ಬಿಸದಿರುವುದೇ ಈ ವಿಧಾನದ ಹೆಚ್ಚುಗಾರಿಕೆ. ಯಾವ ವಿಧಾನದಿಂದಲೇ ಆಗಲಿ, ಫ್ಯೂಸು ನಮಗೆ ಬೀದಿಯನ್ನು ತೋರಿಸುತ್ತದೆಯೇ ಹೊರತು ಮನೆಯನ್ನಲ್ಲ. ಒಂದೇ ಫ್ಯೂಸಿನ ಕೆಳಗೆ ಒಳಗಿನ ದೀಪ, ಡಿಕ್ಕಿಯ ದೀಪ, ರೇಡಿಯೋ ಮೂರೂ ಇರಬಹುದು. ಆ ಬೀದಿಯ ಮನೆಗಳ ಬಾಗಿಲನ್ನು ಒಂದೊಂದಾಗಿ ತಟ್ಟಬೇಕು.

ಕಳೆದ ವರ್ಷ ನಮ್ಮ ಶಾಲೆಯ ಪೋಷಕರೊಬ್ಬರ ಹಳೆಯ ಕಾರು ಹದಿನಾಲ್ಕು ತಿಂಗಳಲ್ಲಿ ಎರಡು ಬ್ಯಾಟರಿಗಳನ್ನು ನುಂಗಿತ್ತು. ಮೂರನೆಯದಕ್ಕೆ ಹಣ ಹೊಂದಿಸುತ್ತಿದ್ದಾಗ ಹತ್ತನೆಯ ತರಗತಿಯ ನಾಲ್ವರು ವಿದ್ಯಾರ್ಥಿಗಳೂ ನಾವೂ ಒಂದು ಭಾನುವಾರ ಶಾಲೆಯ ಮೀಟರನ್ನು ಹಿಡಿದು ಹೋದೆವು. ನಲವತ್ತು ನಿಮಿಷ ಕಾದ ಮೇಲೂ ಮೀಟರು 0.46 ಆಂಪಿಯರಿನಲ್ಲಿ ನಿಂತಿತು. ಆರನೆಯ ಫ್ಯೂಸನ್ನು ಕಿತ್ತಾಗ ಅದು 0.04ಕ್ಕೆ ಇಳಿಯಿತು. ವ್ಯತ್ಯಾಸ 0.42. ಹುಡುಗಿಯೊಬ್ಬಳು ಅದನ್ನು 12ರಿಂದ ಗುಣಿಸಿ, ‘ಸಾರ್, ಇದು ಐದು ವಾಟಿನ ಬಲ್ಬೇ ಇರಬೇಕು’ ಎಂದಳು. ಒಳಗಿನ ದೀಪಗಳೆಲ್ಲ ಆರಿದ್ದವು. ಉಳಿದದ್ದು ಡಿಕ್ಕಿ, ಆದರೆ ಮುಚ್ಚಿದ ಡಿಕ್ಕಿಯೊಳಗೆ ದೀಪ ಉರಿಯುತ್ತಿದೆಯೇ ಎಂದು ನೋಡುವುದು ಹೇಗೆ? ತೆರೆದರೆ ಅದು ಉರಿಯಲೇಬೇಕಲ್ಲವೇ! ಇನ್ನೊಬ್ಬ ಹುಡುಗ ಮೊಬೈಲಿನಲ್ಲಿ ವಿಡಿಯೋ ಚಾಲೂಮಾಡಿ ಅದನ್ನು ಒಳಗಿಟ್ಟು ಡಿಕ್ಕಿಯನ್ನು ಮುಚ್ಚಿದನು. ಒಂದು ನಿಮಿಷದ ನಂತರ ತೆಗೆದು ನೋಡಿದರೆ ಮುಚ್ಚಿದಷ್ಟು ಹೊತ್ತೂ ಒಳಗೆ ಬೆಳ್ಳಗೆ ಬೆಳಕು. ಡಿಕ್ಕಿ ಮುಚ್ಚಿದಾಗ ಒತ್ತಿ ದೀಪವನ್ನು ಆರಿಸಬೇಕಾದ ಗುಂಡಿಯ ತಗಡು ಬಾಗಿಹೋಗಿತ್ತು. ಇಕ್ಕುಳದಿಂದ ಅದನ್ನು ನೆಟ್ಟಗೆ ಮಾಡಲು ಎರಡು ನಿಮಿಷ ಹಿಡಿಯಿತು. ಖರ್ಚು ಏನೂ ಇಲ್ಲ. ಬಲ್ಬನ್ನು ಕಳಚಿ ನೋಡಿದಾಗ ಅದರ ಮೇಲೆ 5 ವಾಟ್ ಎಂದೇ ಮುದ್ರಿಸಿತ್ತು. ಆ ಹುಡುಗಿಯ ಮುಖದ ಮೇಲಿನ ಸಂತೋಷವನ್ನು ಬಣ್ಣಿಸಲಾರೆವು.

ಎಲ್ಲ ಫ್ಯೂಸುಗಳನ್ನು ಕಿತ್ತರೂ ಅಂಕಿ ಇಳಿಯದಿದ್ದರೆ ಡೈನಮೋವನ್ನು ಸಂಶಯಿಸಬೇಕು. ಅದರೊಳಗಿನ ಡಯೋಡುಗಳು ವಿದ್ಯುತ್ತನ್ನು ಒಂದೇ ದಿಕ್ಕಿಗೆ ಬಿಡುವ ಕವಾಟಗಳು. ಅವುಗಳಲ್ಲಿ ಒಂದು ಕೆಟ್ಟರೆ ಬ್ಯಾಟರಿಯನ್ನು ತುಂಬಿಸಬೇಕಾದ ಯಂತ್ರವೇ ರಾತ್ರಿಯಿಡೀ ಅದನ್ನು ಹೀರುವುದು. ಈ ಕೆಲಸವನ್ನು ಬಲ್ಲ ಇಲೆಕ್ಟ್ರಿಶಿಯನ್ನನಿಗೆ ಬಿಡುವುದು ಮೇಲು. ಆದರೆ ನಮ್ಮ ಅನುಭವದಲ್ಲಿ ಅದಕ್ಕಿಂತ ಹೆಚ್ಚಾಗಿ ಕಾಣುವ ಅಪರಾಧಿಗಳು, ಕಾರು ಕೊಂಡ ಮೇಲೆ ಪೇಟೆಯಲ್ಲಿ ಹಾಕಿಸಿದ ಅಲಂಕಾರಗಳು: ಹೊಸ ಸ್ಟೀರಿಯೋ, ಬಣ್ಣದ ದೀಪ, ಮುಂಗಾಜಿನ ಹಿಂದಿನ ಕ್ಯಾಮರಾ, ಕಾರು ಎಲ್ಲಿದೆಯೆಂದು ತಿಳಿಸುವ ಯಂತ್ರ. ಅವಸರದಲ್ಲಿ ಇವುಗಳ ತಂತಿಯನ್ನು ಕೀಲಿ ತಿರುಗಿಸಿದಾಗ ಮಾತ್ರ ವಿದ್ಯುತ್ತು ಬರುವ ಕಡೆಗೆ ಸೇರಿಸದೆ, ಸದಾ ವಿದ್ಯುತ್ತು ಇರುವ ಕಡೆಗೆ ಸೇರಿಸಿಬಿಡುತ್ತಾರೆ. ಹಾಕಿಸುವಾಗಲೇ ‘ಕೀಲಿ ತೆಗೆದ ಮೇಲೆ ಇದು ಆರುತ್ತದೆಯೇ?’ ಎಂದು ಪೋಷಕರು ಒಂದು ಮಾತು ಕೇಳಿದರೆ ಸಾಕು.

ದೋಷವಿಲ್ಲದಿದ್ದರೂ ತಿಂಗಳುಗಟ್ಟಲೆ ನಿಲ್ಲುವ ಕಾರಿನ ಋಣ ತಂತಿಯನ್ನು ಬಿಚ್ಚಿಡಬಹುದು. ಗಡಿಯಾರವನ್ನು ಮತ್ತೆ ಸರಿಪಡಿಸಬೇಕಾದೀತು. ಕೆಲವು ಕಾರುಗಳಲ್ಲಿ ರೇಡಿಯೋ ಗುಪ್ತಸಂಖ್ಯೆಯನ್ನು ಕೇಳೀತು. ಪ್ರತಿದಿನ ಐದು ನಿಮಿಷ ಎಂಜಿನ್ನನ್ನು ನಿಂತಲ್ಲಿಯೇ ಓಡಿಸುವ ರೂಢಿಯಿಂದ ಪ್ರಯೋಜನ ಕಡಿಮೆ. ವಾರಕ್ಕೊಮ್ಮೆ ಅರ್ಧ ಗಂಟೆಯಾದರೂ ರಸ್ತೆಯ ಮೇಲೆ ಓಡಿಸುವುದು ಮೇಲು. ಬರಿದಾದ ಬ್ಯಾಟರಿಯನ್ನು ಮಾತ್ರ ಹಾಗೆಯೇ ಬಿಡಕೂಡದು. ಫಲಕಗಳ ಮೇಲೆ ಮೂಡಿದ ಸೀಸದ ಸಲ್ಫೇಟು ದಿನಕಳೆದಂತೆ ಗಟ್ಟಿ ಹರಳಾಗಿ, ಆಮೇಲೆ ಎಷ್ಟು ಚಾರ್ಜ್ ಮಾಡಿದರೂ ಕರಗದು. ಆಗ ಕೊಡವು ನಿಜವಾಗಿಯೇ ಒಡಕಾಗುವುದು.