ಹೀಟರ್ ಸದ್ದಿಗೆ ಡ್ಯಾಶ್‌ಬೋರ್ಡ್ ಬಿಚ್ಚಿಸುವ ಮುನ್ನ

ಕಾರಿನ ಹೀಟರ್ ಸದ್ದು ಮಾಡತೊಡಗಿದರೆ ಹೆಚ್ಚಿನವರು ಮೆಕ್ಯಾನಿಕ್ ಎದುರು ನಿಂತು ಅದನ್ನು ಬಾಯಲ್ಲೇ ನುಡಿಸಿ ತೋರಿಸುತ್ತಾರೆ: ಕಿರ್ರ್ ಅನ್ನುತ್ತೆ, ಗುಳುಗುಳು ಅನ್ನುತ್ತೆ, ಟಕ್‌ಟಕ್ ಅನ್ನುತ್ತೆ. ಇದರಿಂದ ಒಂದಿಷ್ಟು ಸುಳಿವು ಸಿಗುತ್ತದೆ, ನಿಜ. ಆದರೆ ದೋಷದ ಜಾಗ ಪತ್ತೆಯಾಗುವುದು ಸದ್ದು ಯಾವಾಗ ಹುಟ್ಟುತ್ತದೆ, ಯಾವ ಗುಂಡಿ ತಿರುಗಿಸಿದರೆ ಅಡಗುತ್ತದೆ ಎಂಬುದರಿಂದ. ಹೀಟರ್‌ನ ರಚನೆಯೇ ಹಾಗಿದೆ. ಪೆಟ್ರೋಲ್, ಡೀಸೆಲ್ ಕಾರುಗಳಲ್ಲಿ ಸುಮಾರು 90 ಡಿಗ್ರಿ ಸೆಲ್ಸಿಯಸ್‌ಗೆ ಕಾದ ಕೂಲೆಂಟ್‌ನ ಒಂದು ಪಾಲು ಡ್ಯಾಶ್‌ಬೋರ್ಡ್ ಒಳಗಿರುವ ಪುಟ್ಟ ರೇಡಿಯೇಟರ್‌ಗೆ, ಅಂದರೆ ಹೀಟರ್ ಕೋರ್‌ಗೆ, ಹರಿದು ಬರುತ್ತದೆ. ಬ್ಲೋವರ್ ಅದರ ಮೇಲೆ ಗಾಳಿ ಊದುತ್ತದೆ. ಆ ಗಾಳಿ ಎಷ್ಟು ಬಿಸಿಯಾಗಬೇಕು, ಕಾಲಿಗೆ ಹೋಗಬೇಕೋ ಗಾಜಿಗೆ ಹೋಗಬೇಕೋ ಎಂಬುದನ್ನು ಪ್ಲಾಸ್ಟಿಕ್ ಫ್ಲಾಪ್‌ಗಳು ನೋಡಿಕೊಳ್ಳುತ್ತವೆ. ಮೂರೂ ಅಕ್ಕಪಕ್ಕದಲ್ಲೇ ಇದ್ದರೂ ಅವನ್ನು ಓಡಿಸುವ ಶಕ್ತಿ ಬೇರೆ ಬೇರೆ. ಕೂಲೆಂಟ್ ಓಡುವುದು ಎಂಜಿನ್ ಬಲದಿಂದ, ಬ್ಲೋವರ್ ತಿರುಗುವುದು ಕರೆಂಟಿನಿಂದ, ಫ್ಲಾಪ್ ಅಲುಗುವುದು ಕೇಬಲ್ ಅಥವಾ ಪುಟ್ಟ ಮೋಟಾರಿನಿಂದ. ಒಂದೊಂದನ್ನೇ ನಿಲ್ಲಿಸಿ ಕೇಳಿದರೆ ಸದ್ದು ಯಾರದೆಂದು ಗೊತ್ತಾಗಿಬಿಡುತ್ತದೆ.

ಎಂಜಿನ್ ಸ್ಟಾರ್ಟ್ ಮಾಡದೆ ಇಗ್ನಿಷನ್ ಮಾತ್ರ ಆನ್ ಮಾಡಿ, ಬ್ಲೋವರನ್ನು ಒಂದರಿಂದ ಕೊನೆಯ ಸ್ಪೀಡಿನವರೆಗೆ ಏರಿಸಿ. ಸದ್ದೂ ಜೊತೆಗೇ ಏರಿದರೆ ದೋಷ ಬ್ಲೋವರ್ ಕಡೆಯದು. ಪರಪರ ಎಂದರೆ ಕಸ ಸಿಕ್ಕಿಕೊಂಡಿರುವ ಸಾಧ್ಯತೆ ಹೆಚ್ಚು. ಮರದಡಿ ನಿಲ್ಲುವ ಕಾರಿನಲ್ಲಿ ವೈಪರ್ ಕೆಳಗಿನ ಜಾಲರಿಯಿಂದ ತರಗೆಲೆ ಒಳಗಿಳಿಯುತ್ತದೆ. ಕ್ಯಾಬಿನ್ ಫಿಲ್ಟರ್ ಇಲ್ಲದಿದ್ದರೆ ಅದು ನೇರ ಫ್ಯಾನ್ ರೆಕ್ಕೆಗೇ ಬಡಿಯುತ್ತದೆ. ಫಿಲ್ಟರ್ ಇದ್ದರೂ ನಮ್ಮ ಊರುಗಳ ಇಲಿಗಳು ಅದನ್ನೇ ಕತ್ತರಿಸಿ, ಹತ್ತಿಯಂತೆ ಎಳೆ ಎಳೆ ಮಾಡಿ ಗೂಡು ಕಟ್ಟುವುದುಂಟು. ಚಳಿಯ ಮುಂಜಾನೆ ಕೀಚ್ ಎಂದು ಕೂಗಿ ಹತ್ತು ನಿಮಿಷದಲ್ಲಿ ತಣ್ಣಗಾಗುವ ಸದ್ದು ಮೋಟಾರಿನ ಒಣಗಿದ ಬುಷ್‌ನದು. ಬ್ಲೋವರ್ ಆಫ್ ಇದ್ದಾಗಲೂ ಬಿಸಿ-ತಂಪು ಗುಂಡಿ ತಿರುಗಿಸಿದಾಗ ಟಕ್‌ಟಕ್ ಕೇಳಿದರೆ ಫ್ಲಾಪ್ ಮೋಟಾರಿನ ಪ್ಲಾಸ್ಟಿಕ್ ಗಿಯರ್‌ನ ಹಲ್ಲು ಮುರಿದಿರಬಹುದು. ಕೇಬಲ್‌ನಿಂದ ಫ್ಲಾಪ್ ತಿರುಗುವ ಅಗ್ಗದ ಮಾಡೆಲ್‌ಗಳಿಗೆ ಈ ಕಾಟವಿಲ್ಲ. ಸರಳವಾಗಿರುವುದರ ಲಾಭ ಅದು.

ಗುಳುಗುಳು ಸದ್ದಿನ ಜಾತಿಯೇ ಬೇರೆ. ಬ್ಲೋವರ್ ಪೂರ್ತಿ ಆಫ್ ಮಾಡಿದರೂ ಅದು ನಿಲ್ಲದು, ಆಕ್ಸಿಲರೇಟರ್ ಒತ್ತಿದರೆ ಹೆಚ್ಚುತ್ತದೆ. ಎಸಿಯ ಗ್ಯಾಸ್ ಕೂಡ ಆಗಾಗ ಹೀಗೇ ಸದ್ದು ಮಾಡುವುದರಿಂದ ಮೊದಲು ಎಸಿ ಆಫ್ ಮಾಡಿ ಒಂದೆರಡು ನಿಮಿಷ ಬಿಟ್ಟು ಕೇಳಬೇಕು. ಆಮೇಲೂ ಕೇಳಿಸಿದರೆ ಹೀಟರ್ ಕೋರ್‌ನಲ್ಲಿ ಕೂಲೆಂಟ್ ಜೊತೆ ಗಾಳಿ ಸೇರಿಕೊಂಡಿದೆ ಎಂದರ್ಥ. ಕೂಲೆಂಟ್ ಬದಲಿಸಿದ ಮೇಲೆ ಗಾಳಿಯನ್ನು ಸರಿಯಾಗಿ ಹೊರಹಾಕದಿದ್ದರೂ ಹೀಗಾಗುತ್ತದೆ, ಅದು ದೊಡ್ಡ ವಿಷಯವಲ್ಲ. ಆದರೆ ಗಾಳಿ ತೆಗೆಸಿದ ಮೇಲೂ ಸದ್ದು ಮರಳಿ, ಟ್ಯಾಂಕಿನ ಮಟ್ಟ ಇಳಿಯುತ್ತಲೇ ಇದ್ದರೆ ಕೂಲೆಂಟ್ ಎಲ್ಲೋ ಸೋರುತ್ತಿದೆ: ಹೋಸ್, ವಾಟರ್ ಪಂಪ್, ರೇಡಿಯೇಟರ್ ಮುಚ್ಚಳ, ಇಲ್ಲವೇ ಹೀಟರ್ ಕೋರ್. ಕೋರ್ ಸೋರಿದರೆ ಕಾಲಡಿಯ ಮ್ಯಾಟ್ ಒದ್ದೆಯಾಗುತ್ತದೆ, ಗಾಜಿನ ಒಳಮೈಗೆ ಜಿಡ್ಡಿನ ಮಂಜು ಕೂರುತ್ತದೆ, ಸಿಹಿ ವಾಸನೆ ಬರುತ್ತದೆ. ಹೊರಗೆ ಒಂದು ತೊಟ್ಟೂ ಕಾಣದೆ ಮಟ್ಟ ಇಳಿಯುತ್ತಿದ್ದರೆ ಹೆಡ್ ಗ್ಯಾಸ್ಕೆಟ್ ಮೇಲೆ ಅನುಮಾನ ಪಡಬೇಕು. ಅದು ಸೀಳಿದರೆ ಸಿಲಿಂಡರ್‌ನ ಹೊಗೆಯೇ ಕೂಲೆಂಟ್‌ಗೆ ನುಗ್ಗಬಲ್ಲದು. ಮಟ್ಟ ನೋಡುವುದು ಎಂಜಿನ್ ತಣ್ಣಗಾದ ಮೇಲೆ ಮಾತ್ರ. ಬಿಸಿಯಿದ್ದಾಗ ಮುಚ್ಚಳ ತೆರೆದರೆ ಒತ್ತಡದಲ್ಲಿರುವ ದ್ರವ ಚಿಮ್ಮಿ ಮುಖ ಸುಡುತ್ತದೆ.

ವರ್ಷವಿಡೀ ಎಸಿ ಹಾಕುವ ನಾಡಿನಲ್ಲಿ ಹೀಟರ್ ಸದ್ದಿಗೆ ತಲೆಕೆಡಿಸಿಕೊಳ್ಳಬೇಕೇ ಎಂದು ಕೇಳಬಹುದು. ಮಡಿಕೇರಿಯ ಡಿಸೆಂಬರ್ ಬಿಟ್ಟರೆ ಹೀಟರ್ ಯಾರಿಗೆ ಬೇಕು? ಆದರೆ ಎಸಿಗೆ ಬೇರೆ ಬ್ಲೋವರ್ ಇಲ್ಲ, ಫ್ಲಾಪ್‌ಗಳೂ ಅವೇ. ಕೂಲೆಂಟ್ ಕೊರತೆಯಂತೂ ಚಳಿಗಿಂತ ಕಲಬುರಗಿಯ ಮೇ ತಿಂಗಳಲ್ಲೇ ಹೆಚ್ಚು ಅಪಾಯ. ಇದೆಲ್ಲ ಮೆಕ್ಯಾನಿಕ್ ಕೆಲಸ, ಈಗ ಸ್ಕ್ಯಾನರ್ ಬೇರೆ ಇದೆ ಎನ್ನುವ ವಾದಕ್ಕೂ ತೂಕವಿದೆ. ರಿಪೇರಿ ಅವರದೇ, ಒಪ್ಪೋಣ. ಆದರೆ ಫ್ಯಾನಿಗೆ ಬಡಿಯುವ ಎಲೆಯನ್ನು ಯಾವ ಸ್ಕ್ಯಾನರೂ ತೋರಿಸದು. ಮುಂಜಾನೆ ಮಾತ್ರ ಕೂಗುವ ಬುಷ್ ಮಧ್ಯಾಹ್ನ ಗ್ಯಾರೇಜಿನಲ್ಲಿ ಸುಮ್ಮನಿರುತ್ತದೆ. ಖರ್ಚಿನ ಲೆಕ್ಕವೂ ಇದೆ. ಹೆಚ್ಚಿನ ಕಾರುಗಳಲ್ಲಿ ಬ್ಲೋವರ್ ಇರುವುದು ಗ್ಲವ್ ಬಾಕ್ಸ್ ಹಿಂದೆ, ಸುಲಭವಾಗಿ ಕೈಗೆ ಸಿಗುತ್ತದೆ. ಹೀಟರ್ ಕೋರ್ ತಲುಪಲು ಎಷ್ಟೋ ಕಾರುಗಳಲ್ಲಿ ಡ್ಯಾಶ್‌ಬೋರ್ಡನ್ನೇ ಇಳಿಸಬೇಕು. ಸಿಕ್ಕಿಕೊಂಡ ಎಲೆಗಾಗಿ ಡ್ಯಾಶ್‌ಬೋರ್ಡ್ ಬಿಚ್ಚಿಸಿಕೊಂಡರೆ ಅದನ್ನು ಮತ್ತೆ ಕೂರಿಸಿದ ಮೇಲೆ ಹೊಸ ಕಿರಿಕಿರಿ ಸದ್ದುಗಳು ಶುರುವಾಗುವುದೂ ಅಪರೂಪವಲ್ಲ.

ಹಾಗಾಗಿ ಗ್ಯಾರೇಜಿಗೆ ಹೋಗುವ ಮೊದಲು ಸದ್ದನ್ನು ಮೊಬೈಲಿನಲ್ಲಿ ರೆಕಾರ್ಡ್ ಮಾಡಿ, ಆಗ ಎಂಜಿನ್, ಬ್ಲೋವರ್, ಎಸಿ ಹೇಗಿದ್ದವೆಂದು ಬರೆದುಕೊಳ್ಳಿ. ಎಲೆಯ ಪರಪರ ಭಾನುವಾರದವರೆಗೆ ಕಾಯಬಹುದು. ಗುಳುಗುಳು ಜೊತೆ ಟೆಂಪರೇಚರ್ ಮುಳ್ಳೂ ಮೇಲೇರಿದರೆ ಮಾತ್ರ ಕಾರನ್ನು ಪಕ್ಕಕ್ಕೆ ಹಾಕಿ ಎಂಜಿನ್ ಆಫ್ ಮಾಡಿ; ಎಂಜಿನ್ ರಿಪೇರಿಗಿಂತ ಟೋಯಿಂಗ್ ಗಾಡಿಯ ಬಾಡಿಗೆ ಎಷ್ಟೋ ಅಗ್ಗ.