ಸೊಂಟ ನೋವಿಗೆ ಬೆಲ್ಟ್ ಕಟ್ಟಿ ಮಲಗಿದರೆ ಸಾಕೇ? ಇಲ್ಲಿದೆ ಸತ್ಯಾಂಶ

“ಸೊಂಟ ನೋವಾ? ಬೆಲ್ಟ್ ಕಟ್ಟಿ, ಹದಿನೈದು ದಿನ ಅಲ್ಲಾಡದೆ ಮಲಗಿ. ಮಾತ್ರೆಯೇ ಬೇಡ!” ಪೀಣ್ಯದಲ್ಲಿ ದಿನವಿಡೀ ಮೆಷಿನ್ ಮುಂದೆ ನಿಲ್ಲುವವರಿಗೂ ವೈಟ್‌ಫೀಲ್ಡ್, ಎಲೆಕ್ಟ್ರಾನಿಕ್ ಸಿಟಿಯಲ್ಲಿ ಲ್ಯಾಪ್‌ಟಾಪ್ ಮುಂದೆ ಕೂರುವವರಿಗೂ ಇಂಥ ಫಾರ್ವರ್ಡ್ ನಂಬುವಂತೆಯೇ ಕಾಣುತ್ತದೆ. ನಿಜವೇನು, ನೋಡೋಣ.

ನಮ್ಮ ಉತ್ತರ: ಅರ್ಧ ಸತ್ಯ. ಮಾತ್ರೆಯಿಲ್ಲದೆಯೂ ಎಷ್ಟೋ ಜನರ ಸೊಂಟ ನೋವು ತಗ್ಗುತ್ತದೆ. ಆದರೆ ಅದಕ್ಕೆ ದಾರಿ ಬೆಲ್ಟೂ ಅಲ್ಲ, ಹಾಸಿಗೆಯೂ ಅಲ್ಲ.

ಮೂರು ತಿಂಗಳು ದಾಟಿದ, ಬೇರೆ ಕಾಯಿಲೆಯಿಂದ ಬಂದಿರದ ಸೊಂಟ ನೋವಿನ ಬಗ್ಗೆ ವಿಶ್ವ ಆರೋಗ್ಯ ಸಂಸ್ಥೆ 2023ರ ಡಿಸೆಂಬರ್‌ನಲ್ಲಿ ಮಾರ್ಗಸೂಚಿ ಪ್ರಕಟಿಸಿತು. ವ್ಯಾಯಾಮ, ಮಸಾಜ್, ನೋವಿನ ಬಗ್ಗೆ ಸರಿಯಾದ ತಿಳಿವಳಿಕೆ ಅದು ಸೂಚಿಸಿದ ಪಟ್ಟಿಯಲ್ಲಿವೆ. ಸೊಂಟದ ಬೆಲ್ಟ್ ಮತ್ತು ಟ್ರಾಕ್ಷನ್ ಹೆಚ್ಚಿನವರಿಗೆ ಬೇಡ ಎಂದಿದೆ.

ಮಲಗಿದರೆ ಏನು ತೊಂದರೆ?
ದಿನಗಟ್ಟಲೆ ಮಲಗಿದರೆ ಸ್ನಾಯುಗಳು ಸೊರಗುತ್ತವೆ, ಮೈ ಬಿಗಿಯುತ್ತದೆ. ಅಲುಗಾಡಿದರೆ ನೋವಾದೀತು ಎಂಬ ಭಯವೂ ಚೇತರಿಕೆಗೆ ಅಡ್ಡಿ.

ಹಾಗಾದರೆ ಏನು ಮಾಡಬೇಕು?
• ಕೂತು ಕೆಲಸ ಮಾಡುವವರು ಆಗಾಗ ಎದ್ದು ನಾಲ್ಕು ಹೆಜ್ಜೆ ಹಾಕಿ. ನಿಲ್ಲುವವರು ಕಾಲು ಬದಲಿಸುತ್ತ ನಿಲ್ಲಿ.
• ಫಿಸಿಯೋಥೆರಪಿಸ್ಟ್ ಹೇಳಿಕೊಟ್ಟ ವ್ಯಾಯಾಮವನ್ನು ನೋವು ತಗ್ಗಿದ ಮೇಲೂ ಬಿಡಬೇಡಿ.
• ಬಿಸಿನೀರಿನ ಬ್ಯಾಗ್‌ನ ಶಾಖ ಸ್ವಲ್ಪ ಹೊತ್ತು ಹಿತ ಕೊಡಬಹುದು.
• ಇಎಸ್‌ಐ ಕಾರ್ಡ್ ಇದ್ದವರು ನಿಮ್ಮ ಇಎಸ್‌ಐ ಡಿಸ್ಪೆನ್ಸರಿಯಲ್ಲಿ ತೋರಿಸಿ.

ಇದನ್ನು ಮರೆಯಬೇಡಿ
ಕಾಲಿನ ಶಕ್ತಿ ಕುಂದಿದರೆ, ತೊಡೆಸಂದು ಮರಗಟ್ಟಿದರೆ, ಮಲ-ಮೂತ್ರದ ಹಿಡಿತ ತಪ್ಪಿದರೆ ತಕ್ಷಣ ಆಸ್ಪತ್ರೆಗೆ ಹೋಗಿ. ಆಗ ಮಲಗಿ ಕಾಯುವ ಪ್ರತಿ ಗಂಟೆಯೂ ಅಪಾಯ. ವೈದ್ಯರು ಬರೆದುಕೊಟ್ಟ ಮಾತ್ರೆಯನ್ನು ಫಾರ್ವರ್ಡ್ ನೋಡಿ ನಿಲ್ಲಿಸಬೇಡಿ.