ಎಲೆ ತಿನ್ನಿಸುವ ತೋಟ

ಮಳೆಗಾಲ ಹಿಡಿದ ಮೇಲೆ ನರ್ಸರಿಗಳಿಗೆ ಬರುವ ದೂರುಗಳಲ್ಲಿ ಕರಿಬೇವಿನದ್ದು ಇದ್ದೇ ಇರುತ್ತದೆ. ‘ಹುಳ ಬಿದ್ದಿದೆ, ವಾರದಲ್ಲಿ ಗಿಡ ಬೋಳಾಯ್ತು, ಏನು ಹೊಡೆಯೋದು?’ ಆ ಹುಳ ಬಹುಪಾಲು ಕಾಮನ್ ಮಾರ್ಮನ್ ಇಲ್ಲವೇ ಲೈಮ್ ಚಿಟ್ಟೆಯ ಮರಿ. ಎಳೆಯದಿದ್ದಾಗ ಥೇಟ್ ಹಕ್ಕಿಯ ಹಿಕ್ಕೆಯಂತೆ ಕಾಣುತ್ತದೆ, ಬಲಿತ ಮೇಲೆ ಎಲೆಯದೇ ಹಸಿರು. ಮುಟ್ಟಿದರೆ ತಲೆಯ ಹಿಂದಿನಿಂದ ಕವಲೊಡೆದ ಕೆಂಬಣ್ಣದ ಕೊಂಬೊಂದನ್ನು ಚಾಚಿ ಘಾಟು ವಾಸನೆ ಬಿಡುತ್ತದೆ. ಅದಕ್ಕೆ ಔಷಧಿ ಕೊಂಡವರೇ ಪಕ್ಕದ ಸಾಲಿಗೆ ತಿರುಗಿ ‘ಚಿಟ್ಟೆ ಬರೋ ಹೂವಿನ ಗಿಡ ಯಾವುದಿದೆ?’ ಎಂದು ಕೇಳುವುದೂ ಉಂಟು.

ಚಿಟ್ಟೆ ತೋಟದ ವಿನ್ಯಾಸ ಶುರುವಾಗುವುದೇ ಈ ಎಡವಟ್ಟಿನಿಂದ. ಹೂವಿಗೆ ಬರುವ ಚಿಟ್ಟೆ ನೆಂಟ. ಮಕರಂದ ಹೀರಿ ಹೊರಟುಬಿಡುತ್ತದೆ. ಅದು ನೆಲೆ ನಿಲ್ಲಬೇಕಾದರೆ ಮರಿಗೆ ಎಲೆ ಬೇಕು, ಅದೂ ತನಗೆ ಒಗ್ಗಿದ ಗಿಡದ್ದೇ. ಹೆಣ್ಣು ಚಿಟ್ಟೆ ಎಲೆಯ ಮೇಲೆ ಕೂತು ಮುಂಗಾಲಿನಿಂದ ತಟ್ಟಿ ನೋಡುತ್ತದೆ. ಚಿಟ್ಟೆಗೆ ರುಚಿ ತಿಳಿಯುವುದು ಕಾಲಿನಲ್ಲೂ. ಸರಿಯಾದ ಗಿಡವೆಂದು ಖಾತರಿಯಾದರೆ ಮೊಟ್ಟೆ, ಇಲ್ಲದಿದ್ದರೆ ಮುಂದಿನ ಗಿಡ. ಹೀಗಾಗಿ ಬೇರೆ ತೋಟಗಾರರು ಎಲೆಯಲ್ಲಿ ತೂತು ಕಂಡರೆ ಸೋತೆನೆಂದುಕೊಂಡರೆ, ಚಿಟ್ಟೆ ತೋಟ ಮಾಡುವವರು ಅದೇ ತೂತನ್ನು ಹುಡುಕಿಕೊಂಡು ಬೆಳಿಗ್ಗೆ ಒಂದು ಸುತ್ತು ಹಾಕುತ್ತಾರೆ.

ಈ ಲೆಕ್ಕಾಚಾರವನ್ನು ದೊಡ್ಡ ಪ್ರಮಾಣದಲ್ಲಿ ನೋಡಬೇಕೆಂದರೆ ಬೆಂಗಳೂರಿಗೆ ಅಂಟಿಕೊಂಡ ಬನ್ನೇರುಘಟ್ಟಕ್ಕೆ ಹೋಗಬೇಕು. 2006ರಲ್ಲಿ ತೆರೆದ ಅಲ್ಲಿನ ಚಿಟ್ಟೆ ಉದ್ಯಾನ ದೇಶದಲ್ಲೇ ಮೊದಲನೆಯದು. ಏಳೂವರೆ ಎಕರೆಯ ಜಾಗದ ನಡುವೆ ಪಾಲಿಕಾರ್ಬೊನೇಟ್ ಚಾವಣಿಯ, ಸುಮಾರು 10,000 ಚದರ ಅಡಿಯ ಗುಮ್ಮಟವಿದೆ. ಒಳಗೆ ಕಾಲಿಟ್ಟರೆ ಮಲೆನಾಡಿನ ತೇವ. ಕೃತಕ ಜಲಪಾತ, ಪುಟ್ಟ ಸೇತುವೆ, ದಾರಿಯ ಎರಡೂ ಕಡೆ ಗಿಡ. ಶಾಲಾ ಮಕ್ಕಳು ಸಾಲುಗಟ್ಟಿ ಬಂದು ಹೂವಿನ ಮೇಲಿನ ಚಿಟ್ಟೆಗಳನ್ನು ಎಣಿಸಿಕೊಂಡು ಹೋಗುತ್ತಾರೆ. ಆದರೆ ಆ ಗುಮ್ಮಟದ ಬಂಡವಾಳ ಹೂವಲ್ಲ. ಮರಿಗಳ ಹೊಟ್ಟೆ ತುಂಬಿಸಲು ಬೆಳೆಸುವ ಗಿಡಗಳು.

ಗುಮ್ಮಟವೂ ಇಲ್ಲದ, ಬಲೆಯೂ ಇಲ್ಲದ ಮಾದರಿ ಮೂಡುಬಿದಿರೆ ಬಳಿಯ ಬೆಳುವಾಯಿಯಲ್ಲಿದೆ. ಸಮ್ಮಿಲನ್ ಶೆಟ್ಟಿ ಅವರು ತಮ್ಮ ಏಳು ಎಕರೆಗೂ ಮಿಕ್ಕಿದ ಜಾಗವನ್ನು ಚಿಟ್ಟೆಗಳಿಗಾಗಿಯೇ ರೂಪಿಸಿದ್ದಾರೆ. ಪಶ್ಚಿಮ ಘಟ್ಟದ ಬುಡವಾದ್ದರಿಂದ ಚಿಟ್ಟೆಗಳನ್ನು ತಂದು ಬಿಡುವ ಪ್ರಮೇಯವೇ ಇಲ್ಲ. ಗಿಡ ಇಟ್ಟರೆ ಬರುತ್ತವೆ, ಸಾಕೆನಿಸಿದರೆ ಹೋಗುತ್ತವೆ. ನೋಡುವವನಿಗೆ ಇಂತಿಷ್ಟೇ ಕಾಣಿಸುತ್ತೇವೆಂಬ ಭರವಸೆ ಕೊಡಲಾಗದ ತೋಟ ಇದು. ಕಾಸು ಕೊಟ್ಟು ಬಂದವರಿಗೆ ಇದು ಕೊರತೆಯೆನಿಸಬಹುದು. ವಿನ್ಯಾಸದ ದೃಷ್ಟಿಯಿಂದ ಇದರದ್ದೇ ಮೇಲುಗೈ.

ಕರ್ನಾಟಕದ ರಾಜ್ಯ ಚಿಟ್ಟೆ ಸದರ್ನ್ ಬರ್ಡ್‌ವಿಂಗ್ ಇಂಥ ತೋಟಗಳಿಗೆ ಒಂದು ಪರೀಕ್ಷೆಯಿದ್ದಂತೆ. ಅಂಗೈ ಮೀರುವ ರೆಕ್ಕೆ, ಕಪ್ಪಿನ ನಡುವೆ ಹೊಳೆಯುವ ಹಳದಿ, ಮೈಮೇಲೆ ಕೆಂಪು. ಅರಿಶಿನ-ಕುಂಕುಮದ ಬಾವುಟದ ನಾಡಿಗೆ ಇದಕ್ಕಿಂತ ಒಪ್ಪುವ ಚಿಟ್ಟೆ ಸಿಗುತ್ತಿರಲಿಲ್ಲ. ಆದರೆ ಇದರ ಮರಿ ತಿನ್ನುವುದು ಈಶ್ವರ ಬಳ್ಳಿ ಮತ್ತು ಅದರ ಹತ್ತಿರದ ಬಳಗದ ಕೆಲವನ್ನಷ್ಟೇ. ಬಳಗದ್ದೆಂದ ಮಾತ್ರಕ್ಕೆ ಯಾವ ಬಳ್ಳಿಯಾದರೂ ನಡೆಯುತ್ತದೆ ಎನ್ನುವಂತಿಲ್ಲ. ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡಿನಲ್ಲಿ ರಿಚ್ಮಂಡ್ ಬರ್ಡ್‌ವಿಂಗ್ ಎಂಬ ಸೋದರ ಚಿಟ್ಟೆಯಿದೆ. ದಕ್ಷಿಣ ಅಮೆರಿಕದಿಂದ ಅಲಂಕಾರಕ್ಕೆ ತಂದ ‘ಡಚ್‌ಮನ್ಸ್ ಪೈಪ್’ ಬಳ್ಳಿಯನ್ನು ಅದು ತನ್ನದೇ ಬಳ್ಳಿಯೆಂದು ಭ್ರಮಿಸಿ ಮೊಟ್ಟೆಯಿಟ್ಟಿತು. ಎಲೆ ತಿಂದ ಮರಿಗಳು ವಿಷವೇರಿ ಸತ್ತವು. ಕೊನೆಗೆ ಅಲ್ಲಿನ ಜನ ಮನೆಯಂಗಳದಲ್ಲಿ, ಶಾಲೆಗಳಲ್ಲಿ ನಾಡಬಳ್ಳಿ ನೆಟ್ಟು ಚಿಟ್ಟೆಯನ್ನು ಉಳಿಸಿಕೊಳ್ಳಲು ಹೊರಟರು.

ಬೆಂಗಳೂರಿಗೆ ಬೇರೆಯದೇ ಉದ್ಯಾನ ಪರಂಪರೆಯಿದೆ. ಇಂಗ್ಲೆಂಡಿನ ಕ್ಯೂ ಉದ್ಯಾನದಲ್ಲಿ ಪಳಗಿ, 1908ರಲ್ಲಿ ಮೈಸೂರು ಸಂಸ್ಥಾನಕ್ಕೆ ಬಂದು ಲಾಲ್‌ಬಾಗಿನ ಹೊಣೆ ಹೊತ್ತ ಜರ್ಮನಿಯ ಕ್ರುಂಬಿಗಲ್, ಒಂದು ಮರ ಹೂ ಮುಗಿಸುವಷ್ಟರಲ್ಲಿ ಇನ್ನೊಂದು ಅರಳುವಂತೆ ಬೀದಿಗಳನ್ನು ಯೋಜಿಸಿದರು. ಊರಿಗೆ ವರ್ಷವಿಡೀ ಬಣ್ಣ ಬಂತು. ಆ ಯೋಜನೆ ಮನುಷ್ಯರ ಕಣ್ಣಿಗಾಗಿ ಆದದ್ದು, ಅದರಲ್ಲಿ ತಪ್ಪೇನಿಲ್ಲ. ಬೀದಿಯಲ್ಲೊಂದು ಕಕ್ಕೆ ಮರವಿದ್ದರೆ ಮಾತ್ರ ಕಾಮನ್ ಎಮಿಗ್ರಂಟ್ ಚಿಟ್ಟೆಗೆ ಅದರ ಹಳದಿ ಗೊಂಚಲಿಗಿಂತ ಚಿಗುರೇ ಹೆಚ್ಚು.

ಮನೆಯ ಅಳತೆಗೆ ಬಂದರೆ ಕೆಲಸ ಇನ್ನೂ ಸಲೀಸು, ಏಕೆಂದರೆ ಬೇಕಾದ ಗಿಡಗಳಲ್ಲಿ ಅರ್ಧದಷ್ಟು ಆಗಲೇ ಹಿತ್ತಿಲಲ್ಲಿರುತ್ತವೆ. ದೇವರ ಪೂಜೆಗೆಂದು ಬೆಳೆಸಿದ ಕಣಗಿಲೆಯಲ್ಲಿ ಕಾಮನ್ ಕ್ರೋ ಮೊಟ್ಟೆಯಿಡುತ್ತದೆ. ಅದರ ಕೋಶ ಕನ್ನಡಿಯಂತೆ ಹೊಳೆಯುವುದನ್ನು ಕಂಡ ಮಕ್ಕಳು ಕಿವಿಯೋಲೆ ಎಂದೇ ತಿಳಿಯುತ್ತಾರೆ. ಅಪಾರ್ಟ್‌ಮೆಂಟ್ ಕಾಂಪೌಂಡಿನ ಕಂಬದಂಥ ಅಶೋಕ ಮರ ಟೇಲ್ಡ್ ಜೇ ಚಿಟ್ಟೆಯ ತವರು. ಮೂತ್ರಪಿಂಡದ ಕಲ್ಲಿಗೆ ಮನೆಮದ್ದೆಂದು ಕುಂಡದಲ್ಲಿ ನೆಟ್ಟ ಕಾಡುಬಸಳೆಯ ದಪ್ಪ ಎಲೆಯ ಒಳಗೇ ರೆಡ್ ಪಿಯರಾಟ್‌ನ ಮರಿ ಸುರಂಗ ಕೊರೆದು ವಾಸಿಸುತ್ತದೆ. ಗೋಣಿ ಸೊಪ್ಪು, ಹರಳು, ನಿಂಬೆ, ಸೀತಾಫಲ ಎಲ್ಲಕ್ಕೂ ಒಂದೊಂದು ಗಿರಾಕಿ.

ಇವುಗಳಲ್ಲಿ ಎಕ್ಕದ ಕಥೆ ಸೊಗಸು. ರಥಸಪ್ತಮಿಯ ಬೆಳಿಗ್ಗೆ ತಲೆ, ಭುಜದ ಮೇಲೆ ಎಲೆಯಿಟ್ಟು ಸ್ನಾನ ಮಾಡಿದ ಮೇಲೆ ಎಕ್ಕವನ್ನು ಯಾರೂ ನೆನೆಯುವುದಿಲ್ಲ. ಪ್ಲೇನ್ ಟೈಗರ್ ಚಿಟ್ಟೆಯ ಮರಿ ಅದರ ಹಾಲಿನಲ್ಲಿರುವ ವಿಷವನ್ನೇ ಮೈಯಲ್ಲಿ ಕೂಡಿಟ್ಟುಕೊಳ್ಳುತ್ತದೆ. ಒಮ್ಮೆ ರುಚಿ ನೋಡಿದ ಹಕ್ಕಿ ಮತ್ತೆ ಆ ಕಿತ್ತಳೆ ರೆಕ್ಕೆಯ ತಂಟೆಗೆ ಹೋಗದು. ಈ ಭಯವನ್ನು ಬಿಟ್ಟಿ ಬಳಸಿಕೊಳ್ಳುವ ಇನ್ನೊಂದು ಚಿಟ್ಟೆಯೂ ಇದೆ. ಡನಾಯ್ಡ್ ಎಗ್‌ಫ್ಲೈನ ಹೆಣ್ಣು, ವಿಷವೇನೂ ಇಲ್ಲದಿದ್ದರೂ ಪ್ಲೇನ್ ಟೈಗರ್‌ನ ವೇಷ ತೊಟ್ಟು ತಿರುಗುತ್ತದೆ. ಹೀಗಾಗಿ ಗೇಟಿನಾಚೆ ಒಂದು ಎಕ್ಕ, ಈಚೆ ಎಗ್‌ಫ್ಲೈ ಮರಿಗೆ ಒಂದಿಷ್ಟು ಗೋಣಿ ಸೊಪ್ಪು ಇದ್ದರೆ ಅಸಲಿ-ನಕಲಿ ಎರಡನ್ನೂ ಒಂದೇ ಬೆಳಿಗ್ಗೆ ನೋಡುವ ಅದೃಷ್ಟ ಒದಗೀತು.

ಜೋಡಿಸುವ ಕ್ರಮದಲ್ಲೂ ಒಂದಿಷ್ಟು ಜಾಣತನ ಬೇಕು. ಚಿಟ್ಟೆ ತಣ್ಣನೆಯ ರಕ್ತದ ಜೀವಿ. ಮೈ ಕಾಯದೆ ಹಾರಲಾರದು. ಆದ್ದರಿಂದ ಬೆಳಗಿನ ಬಿಸಿಲು ಬೀಳುವ ಮೂಲೆ ಆರಿಸಿ, ಗಾಳಿಗೆ ತಡೆಯಾಗಿ ಹಿಂದೆ ಎತ್ತರದ ಗಿಡ ನೆಟ್ಟು, ಮೈ ಕಾಯಿಸಿಕೊಳ್ಳಲು ಚಪ್ಪಟೆ ಕಲ್ಲೊಂದನ್ನು ಇಡುತ್ತಾರೆ. ಮುಂದೆ ಕೇಪಳ, ಪೆಂಟಾಸ್, ರಥಪುಷ್ಪ. ತಿಂದ ಎಲೆ ಎದ್ದು ಕಾಣಬಾರದೆಂಬವರು ಮರಿಗಳ ಗಿಡವನ್ನು ಹೂಗಿಡಗಳ ಹಿಂದೆ ಸರಿಸುತ್ತಾರೆ. ಒಂದೇ ಕುಂಡದ ಕರಿಬೇವು ನಾಲ್ಕು ಮರಿಗಳಿಗೆ ಸಾಲದು. ಮೂರು ಕುಂಡ ಇಟ್ಟರೆ ಒಗ್ಗರಣೆಗೂ ಉಳಿಯುತ್ತದೆ.

ಹಳೆಯ ತಟ್ಟೆಯೊಂದರಲ್ಲಿ ಮರಳು, ಮಣ್ಣು, ಚಿಟಿಕೆ ಉಪ್ಪು ಕಲಸಿ ಒದ್ದೆಯಾಗಿಟ್ಟರೆ ಗಂಡು ಚಿಟ್ಟೆಗಳು ಸಾಲಾಗಿ ಕೂತು ಹೀರುತ್ತವೆ. ಹೂವಿನಲ್ಲಿ ಸಿಗದ ಲವಣ ಅವಕ್ಕೆ ಬೇಕು, ಕೂಡುವಾಗ ಹೆಣ್ಣಿಗೆ ಅದನ್ನು ದಾಟಿಸಲು. ಕಾಮನ್ ಬ್ಯಾರನ್‌ನಂಥವಕ್ಕೆ ಹೂವೇ ಬೇಡ, ಕೊಳೆತ ಬಾಳೆಹಣ್ಣೋ ಹಲಸಿನ ತೊಳೆಯೋ ಸಾಕು. ಅತ್ತೆಮನೆಯವರು ಬರುವ ದಿನ ಇದನ್ನು ಅಂಗಳದಲ್ಲಿಡುವುದು ಕಷ್ಟ, ನಿಜ.

ಚಿಟ್ಟೆ ಮುತ್ತುವ ಹೂವೆಂದು ಲಂಟಾನ ತರುವುದು ಮಾತ್ರ ದುಬಾರಿ ತಪ್ಪು. ಅಮೆರಿಕ ಖಂಡದಿಂದ ಅಂದದ ಗಿಡವಾಗಿ ಬಂದ ಅದು ಬಂಡೀಪುರ, ಬಿಳಿಗಿರಿರಂಗನ ಬೆಟ್ಟದ ಕಾಡುಗಳಲ್ಲಿ ಹಬ್ಬಿ, ಹುಲ್ಲಿಗೂ ನಾಡಗಿಡಗಳ ಸಸಿಗೂ ಜಾಗವಿಲ್ಲದಂತೆ ಮಾಡಿದೆ. ಸಾವಯವವೆಂಬ ಧೈರ್ಯದಲ್ಲಿ ಬೇವಿನೆಣ್ಣೆ ಸಿಂಪಡಿಸುವವರೂ ಎಚ್ಚರ ವಹಿಸಬೇಕು. ಕೀಟ ಬೆಳೆಯದಂತೆ ತಡೆಯುವ ಅದರ ಗುಣ ಚಿಟ್ಟೆಯ ಮರಿಗೂ ಅನ್ವಯಿಸುತ್ತದೆ.

ಇಷ್ಟೆಲ್ಲ ಮಾಡಿದರೂ ಇಟ್ಟ ಮೊಟ್ಟೆಯೆಲ್ಲ ಚಿಟ್ಟೆಯಾಗುವುದಿಲ್ಲ. ಇರುವೆ, ಕಣಜ, ಜೇಡ, ಟುವ್ವಿ ಹಕ್ಕಿ ಎಲ್ಲರೂ ಪಾಲು ಕೇಳುತ್ತಾರೆ. ಉಳಿದ ಮರಿ ಒಂದು ದಿನ ತಿನ್ನುವುದನ್ನು ನಿಲ್ಲಿಸಿ ಗಿಡ ಬಿಟ್ಟು ಇಳಿಯುತ್ತದೆ. ಎರಡು ದಿನ ಹುಡುಕಿದರೂ ಸಿಗುವುದಿಲ್ಲ. ಆಮೇಲೆ ಯಾರೋ ಬಾಲ್ಕನಿಯ ಕಂಬಿ ಒರೆಸಲು ಹೋದಾಗ, ಅದರ ಅಡಿಯಲ್ಲಿ ಸೊಂಟಕ್ಕೆ ದಾರ ಕಟ್ಟಿಕೊಂಡು ಒರಗಿದ ಕೋಶ ಕಣ್ಣಿಗೆ ಬೀಳುತ್ತದೆ. ಅದು ಕಪ್ಪಾಗುವವರೆಗೆ, ಅಂದರೆ ಹೆಚ್ಚುಕಡಿಮೆ ಎರಡು ವಾರ, ಆ ಕಂಬಿಗೆ ಬಟ್ಟೆ ಒಣಹಾಕುವಂತಿಲ್ಲ.